‘ಆರಾಮ ಇದೀನಿ’ ಅಂದದ್ದಕ್ಕ ಕ್ಲೇಮ್ ಹೋತು: ಎಂಎಸ್, ಕ್ರಿಟಿಕಲ್ ಇಲ್‌ನೆಸ್ ಪಾಲಿಸಿ, ಪುಣೆ

ಧಾರವಾಡದಾಕಿ, ಪುಣೆ

ಎಲ್ಲಾರಿಗೂ ನಮಸ್ಕಾರ. ಉದ್ದ ಬರೀತೀನಿ, ಬ್ಯಾಸರ ಮಾಡಿಕೋಬ್ಯಾಡ್ರಿ. ಬಲಗೈ ಬೆರಳು ದಣಿತಾವ, ಅದಕ್ಕ ಎರಡು ದಿನ ಕುಂತು ಫೋನಿಗೆ ಹೇಳಿ ಹೇಳಿ ಬರಿಸೀನಿ. ಅಲ್ಲಲ್ಲೆ ತಪ್ಪಿದ್ರ ಅದು ಫೋನಿಂದು, ನಂದಲ್ಲ.

ನಂಗ 43 ವರ್ಷ. ಸಿಂಹಗಡ ರೋಡಿನ ವಡಗಾಂವದಾಗ ಮನಿ. ಭೋಸರಿಯೊಳಗ ಗಾಡಿ ಬಿಡಿಭಾಗ ಮಾಡೋ ಕಂಪನಿಯ ಅಕೌಂಟ್ಸಿನಾಗ 14 ವರ್ಷ ದುಡಿದೆ. 2019ರ ಸೆಪ್ಟೆಂಬರ್, ಗಣಪತಿ ಕಳಿಸಿದ ವಾರ, ಎಡಗಣ್ಣು ಮಂಜಾತು. ಕೆಂಪು ಸೀರಿ ಹತ್ತು ಸಲ ಒಗದಂಗ ಮಾಸಿ ಕಾಣಲಿಕ್ಕೆ ಹತ್ತಿತು. ಎಂಆರ್‌ಐ ಮಾಡಿಸಿದ್ರ ಮಲ್ಟಿಪಲ್ ಸ್ಕ್ಲಿರೋಸಿಸ್, ಅಂದ್ರ ಎಂಎಸ್, ಅಂದ್ರು. ನರದ ಮ್ಯಾಲಿನ ಹೊದಿಕೀನ ನಮ್ಮ ಮೈಯ ಕಾವಲುಗಾರರೇ ಕಡದು ಹಾಕೋ ರೋಗ. ಎರಡು ತಿಂಗಳಿಗೆ ಕಣ್ಣು ತಿಳಿಯಾತು. ಆಫೀಸಿಗೆ ಹೋದೆ, ಯಾರಿಗೂ ಹೇಳಲಿಲ್ಲ.

2023ರ ಜುಲೈ, ಮಳಿಗಾಲದಾಗ ಬಲಗಾಲು ಹೋತು. ಐದು ದಿನ ದವಾಖಾನಿಯೊಳಗ ಸ್ಟಿರಾಯ್ಡ್ ಡ್ರಿಪ್ ಕೊಟ್ರು. ಎದ್ದು ನಡದೆ, ಖರೆ. ಆದ್ರ ಪಾದ ಇನ್ನೂ ಮ್ಯಾಲೆ ಏಳೂದಿಲ್ಲ, ಚಪ್ಪಲಿ ಕಳಚಿ ಬೀಳ್ತದ. ಅಂಗಾಲಿನಾಗ ಬಿಸಿ ತಣ್ಣಗ ತಿಳಿಯೂದಿಲ್ಲ. ಮೂತ್ರ ಬಂದ್ರ ತಡಿಯಲಿಕ್ಕೆ ಆಗೂದಿಲ್ಲ. ಕಂಪನಿ ಬಸ್ಸಿನಾಗ ಒಂದೂವರಿ ತಾಸು ಕೂಡೂದು ಹೆಂಗ? 2024ರ ಮಾರ್ಚಿನಾಗ ವರ್ಷಾಂತ್ಯದ ಲೆಕ್ಕ ಮುಗಿಸಿಕೊಟ್ಟು ರಾಜೀನಾಮೆ ಕೊಟ್ಟೆ. ಪತ್ರದಾಗ ‘ವೈಯಕ್ತಿಕ ಕಾರಣ’ ಅಂತ ಬರದೆ. ರೋಗದ ಹೆಸರು ಬರಿಯಲಿಕ್ಕೆ ನಾಚಿಕಿ ಆತು.

2016ರ ಮಾರ್ಚಿನಾಗ ಮನಿ ಸಾಲ ತಗೊಳ್ಳುವಾಗ ಒಂದು ಕ್ರಿಟಿಕಲ್ ಇಲ್‌ನೆಸ್ ಪಾಲಿಸಿ ಮಾಡಿಸಿದ್ದೆ, ಪಟ್ಟಿಯೊಳಗಿನ ದೊಡ್ಡ ಜಡ್ಡು ಬಂದ್ರ ಒಮ್ಮೆಲೆ ರೊಕ್ಕ ಕೊಡೋವಂಥಾದ್ದು, 15 ಲಕ್ಷದ್ದು. ಒಂದು ವರ್ಷನೂ ಕಂತು ತಪ್ಪಿಸಿಲ್ಲ. ಅಕ್ಟೋಬರ್ 2024ಕ್ಕ ಕ್ಲೇಮ್ ಹಾಕಿದೆ. ಜನವರಿಯಾಗ ಅವರ ಕಡಿಂದ ಒಬ್ಬ ಡಾಕ್ಟರ್ ಮನಿಗೆ ಬಂದು ನೋಡಿ ಹೋದ್ರು. ಫೆಬ್ರುವರಿಯಾಗ ಪತ್ರ ಬಂತು, ಕ್ಲೇಮ್ ಇಲ್ಲ ಅಂತ. ಕಾರಣ ಮೂರು ಕೊಟ್ಟಾರ.

ಒಂದು: ಡಿಸ್ಚಾರ್ಜ್ ಸಮರಿಯೊಳಗ ‘ಸುಧಾರಿಸಿದ್ದಾರೆ, ಆಧಾರವಿಲ್ಲದೆ ನಡೆಯುತ್ತಾರೆ’ ಅಂತ ಅದ. ಮುಂದಿನ ನಾಕು ಓಪಿಡಿ ಚೀಟಿಯೊಳಗೂ ‘ಬೆಟರ್’ ಅಂತನ ಅದ.

ಎರಡು: ಮನಿಗೆ ಬಂದ ಡಾಕ್ಟರ್ ವರದಿ. ‘ವಿಮಾದಾರರು ಸ್ವತಃ ಚಹಾ ತಯಾರಿಸಿ ತಂದುಕೊಟ್ಟರು.’ ಓದಿ ನಗಬೇಕೋ ಅಳಬೇಕೋ ತಿಳೀಲಿಲ್ಲ. ಮನಿಗೆ ಬಂದವರಿಗೆ ಚಹಾ ಕೊಡದ ಕಳಸೂದು ಯಾವ ಊರಿನ ರೀತಿ? ಜನವರಿ ಥಂಡಿಯಾಗ, ಮುಂಜಾನೆ ಹತ್ತಕ್ಕ, ಗ್ಯಾಸ್ ಕಟ್ಟಿ ಹಿಡಕೊಂಡು ಮಾಡಿದ ಚಹಾ ಅದು. ಅವರು ಹೋದ ಮ್ಯಾಲೆ ನಾ ಸಂಜೀತನಕಾ ಮಲಗಿದ್ದು ಯಾವ ವರದಿಯಾಗೂ ಇಲ್ಲ. ಅವಲಕ್ಕಿನೂ ಕೊಟ್ಟಿದ್ದೆ, ಅದನ್ನ ಪುಣ್ಯಾತ್ಮ ಬರೆದಿಲ್ಲ.

ಮೂರು: 2014ರಾಗ ಕೈ ಜುಂ ಅಂತಿದ್ದದ್ದನ್ನ ಪಾಲಿಸಿ ಮಾಡಿಸುವಾಗ ಮುಚ್ಚಿಟ್ಟೆ ಅಂತ. ಅದು ಎರಡನೇ ಮಗು ಆದ ಮ್ಯಾಲೆ ಓಣಿಯ ಡಾಕ್ಟರ್ ಬಿ12 ಗುಳಿಗಿ ಕೊಟ್ಟು ಕಳಸಿದ್ದು. 2019ರಾಗ ಅಡ್ಮಿಟ್ ಆದಾಗ ಒಬ್ಬ ಹುಡುಗ ಡಾಕ್ಟರ್ ‘ಮೊದಲ ಎಂದಾದ್ರೂ ಹಿಂಗ ಆಗಿತ್ತೇನು’ ಅಂತ ಕೇಳಿದ. ನಾನ ನೆನಪು ಮಾಡಿಕೊಂಡು ಹೇಳಿದೆ. ಅದನ್ನ ಅವ ಬರಕೊಂಡ.

ನನ್ನ ಸಂಕಟ ಇಲ್ಲೆ ಅದ ನೋಡ್ರಿ. ಮುಚ್ಚಿಡದ ಹೇಳಿದ್ದು ನನ್ನ ವಿರುದ್ಧ ಹೋತು, ಮರ್ಯಾದಿಗೆ ಹೇಳಿದ್ದೂ ವಿರುದ್ಧ ಹೋತು. ನಮ್ಮ ನ್ಯೂರಾಲಜಿಸ್ಟ್ ಒಳ್ಳೆ ಮನುಷ್ಯಾ. ಒಳಗ ಹೋದ ಕೂಡಲೆ ‘ಕಶಾ ಆಹಾತ?’ ಅಂತಾರ, ಹೆಂಗಿದೀರಿ ಅಂತ. ನಾ ‘ಆರಾಮ’ ಅಂತೀನಿ. ಧಾರವಾಡದಾಗ ಹುಟ್ಟಿದವರ ಬಾಯಿಗೆ ಬ್ಯಾರೆ ಏನು ಬರ್ತದ್ರಿ? ಹೆಣ ಹೊತ್ತುಕೊಂಡು ಹೋಗೋವಾಗ ಕೇಳಿದ್ರೂ ‘ಆರಾಮ ಇದೀವಿ’ ಅನ್ನೋ ಮಂದಿ ನಾವು. ಆದ್ರ ಮರಾಠಿಯೊಳಗ ಆರಾಮ ಬಿತ್ತು ಅಂದ್ರ ರೋಗ ಇಳೀತು ಅಂತ. ಅವರು ‘ಬೆಟರ್’ ಅಂತ ಬರದ್ರು. ಅವರದೇನು ತಪ್ಪು?

ಈಗ ಕೇಳೂದು ಇಷ್ಟ. ಈ ಪತ್ರಕ್ಕ ಉತ್ತರ ಬರಿಯಲಿಕ್ಕೆ ದಾರಿ ಅದನೋ, ಕೈ ಬಿಡಬೇಕೋ? ಸಸೂನ್ ಸರ್ಕಾರಿ ದವಾಖಾನಿಯಿಂದ 45 ಪರ್ಸೆಂಟಿನ ಅಂಗವೈಕಲ್ಯ ಸರ್ಟಿಫಿಕೇಟ್ ತಗೊಂಡೀನಿ, ಅಂಗವಿಕಲರಿಗೆ ಸರ್ಕಾರ ಕೊಡೋ ಯುಡಿಐಡಿ ಕಾರ್ಡೂ ಬಂದದ. ಅದು ಏನರೆ ಉಪಯೋಗ ಆಗ್ತದೇನು? ಇನ್ನೊಂದು: ಕಂಪನಿಯ ಅಪಘಾತ ಪಾಲಿಸಿ ಇದ್ದಾಗ ಬಚ್ಚಲದಾಗ ಬಿದ್ದು ಮಣಿಕಟ್ಟು ಮುರಕೊಂಡಿದ್ದೆ. ಅದಕ್ಕೂ ಇಲ್ಲ ಅಂದ್ರು. ನಾ ಬಿದ್ದದ್ದು ಅಪಘಾತ ಅಲ್ಲಂತ, ರೋಗ ಬೀಳಿಸಿದ್ದಂತ.

---

ಥಾಣೆ ವಾಸಿ

ಅಕ್ಕ, ನಮ್ಮ ಅತ್ತೆಯವರಿಗೂ ಕಾಲು ಜೋಮು ಹಿಡಿಯುತ್ತಿತ್ತು. ದಿನಾ ಎಳ್ಳೆಣ್ಣೆ ತಿಕ್ಕಿ ಬಿಸಿನೀರು ಹಾಕಿಕೊಂಡರು, ಈಗ ಪಂಢರಪುರಕ್ಕೆ ನಡೆದೇ ಹೋಗುತ್ತಾರೆ. ಇನ್ಶೂರೆನ್ಸ್‌ನವರೆಲ್ಲ ಕಳ್ಳರು, ಬಿಟ್ಟುಬಿಡಿ.

---

ನಿವೃತ್ತ, ಡೊಂಬಿವಿಲಿ

ಬಿಡಬೇಡಿ ತಾಯಿ. ನಾನು 31 ವರ್ಷ ವಿಮಾ ಕಚೇರಿಯ ಕ್ಲೇಮ್ ವಿಭಾಗದಲ್ಲಿದ್ದವನು, ಮೂಲ ಉಡುಪಿ ಕಡೆಯವನು. ನಿಮಗೆ ಬಂದಂಥ ಪತ್ರಗಳಿಗೆ ನಾನೂ ಸಹಿ ಹಾಕಿದ್ದೇನೆ. ಹಾಗಾಗಿ ಅವುಗಳ ಹೊಲಿಗೆ ಎಲ್ಲಿ ಬಿಚ್ಚುತ್ತದೆ ಎಂಬುದು ಗೊತ್ತು.

ನಿಮ್ಮ ಪಾಲಿಸಿಯಲ್ಲಿ ಎಂಎಸ್‌ನ ವ್ಯಾಖ್ಯೆ ಇರುವ ಪುಟ ತೆಗೆಯಿರಿ. ಈ ವ್ಯಾಖ್ಯೆಗಳನ್ನು ವಿಮಾ ನಿಯಂತ್ರಣ ಪ್ರಾಧಿಕಾರ ಎಲ್ಲ ಕಂಪನಿಗಳಿಗೂ ಒಂದೇ ಮಾಡಿಟ್ಟಿದೆ. ಎಂಆರ್‌ಐಯಲ್ಲಿ ರೋಗ ಖಚಿತವಾಗಿರಬೇಕು. ಚಲನೆಯ ಅಥವಾ ಸಂವೇದನೆಯ ಕುಂದು ಈಗಲೂ ಇರಬೇಕು, ಅದು ಸತತವಾಗಿ ಕನಿಷ್ಠ 6 ತಿಂಗಳು ಉಳಿದಿರಬೇಕು. ಮುಖ್ಯವಾದದ್ದು ಇಷ್ಟೇ. ಆ ‘ಅಥವಾ’ದ ಕೆಳಗೆ ಕೆಂಪು ಗೆರೆ ಎಳೆಯಿರಿ. ನಡೆಯಲಾಗಬಾರದು ಎಂದು ಅಲ್ಲಿ ಬರೆದಿಲ್ಲ. ಚಹಾ ಮಾಡಬಾರದು ಎಂದಂತೂ ಇಲ್ಲವೇ ಇಲ್ಲ. ಅಂಗಾಲಿಗೆ ಬಿಸಿ ತಿಳಿಯುವುದಿಲ್ಲ ಎಂದಿರಲ್ಲ, ಅದು ಸಂವೇದನೆಯ ಕುಂದು. ಪಾದ ಏಳುವುದಿಲ್ಲ ಎಂಬುದು ಚಲನೆಯ ಕುಂದು. ಎರಡೂ ಇವೆ, ಒಂದಿದ್ದರೆ ಸಾಕಿತ್ತು.

ಇನ್ನು ಡಿಸ್ಚಾರ್ಜ್ ಸಮರಿ. ಅದು ಐದನೇ ದಿನದ ಕಾಗದ. ಕುಂದು ಆರು ತಿಂಗಳು ಉಳಿಯಿತೋ ಇಲ್ಲವೋ ಎಂಬುದನ್ನು ಐದನೇ ದಿನದ ಕಾಗದ ಹೇಗೆ ಹೇಳೀತು? ಅವರ ಪತ್ರದಲ್ಲಿ ಅತ್ಯಂತ ದುರ್ಬಲವಾದ ಜಾಗ ಇದು. ಓಪಿಡಿ ಚೀಟಿಗಳ ‘ಬೆಟರ್’ ಮಾತ್ರ ನಿಜಕ್ಕೂ ತೊಡಕು. ಅದಕ್ಕೆ ನಿಮ್ಮ ಡಾಕ್ಟರರಿಂದಲೇ ಒಂದು ಸ್ಪಷ್ಟೀಕರಣ ಪತ್ರ ಬೇಕು: ಯಾವುದಕ್ಕೆ ಹೋಲಿಸಿ ಬೆಟರ್, ಏನು ಉಳಿದಿದೆ, ಎಂದಿನಿಂದ ಉಳಿದಿದೆ. ಅದು ತೇದಿಯೊಂದಿಗೆ ಇರಲಿ. ಹಳೆಯ ಚೀಟಿಯನ್ನು ತಿದ್ದಿಸಲು ಮಾತ್ರ ಹೋಗಬೇಡಿ. ತಿದ್ದಿದ ಕಾಗದ ಕಂಡರೆ ಒಳ್ಳೆಯ ಕೇಸೂ ಸಾಯುತ್ತದೆ, ಕಣ್ಣಾರೆ ನೋಡಿದ್ದೇನೆ.

2014ರ ಜೋಮಿನ ವಿಷಯ. ಆರೋಗ್ಯ ಪಾಲಿಸಿ ಸತತ 60 ತಿಂಗಳು ನಡೆದ ಮೇಲೆ, ವಂಚನೆ ಎಂದು ಸಾಬೀತು ಮಾಡದ ಹೊರತು, ‘ಹೇಳಲಿಲ್ಲ’ ಎಂಬ ಕಾರಣಕ್ಕೆ ಕ್ಲೇಮ್ ತಳ್ಳುವಂತಿಲ್ಲ. ಮೊದಲು ಇದು 8 ವರ್ಷವಿತ್ತು, 2024ರಲ್ಲಿ 5ಕ್ಕೆ ಇಳಿಸಿದರು. ನಿಮ್ಮದು 2016ರ ಮಾರ್ಚಿನದು, ಯಾವ ಲೆಕ್ಕದಲ್ಲೂ ದಾಟಿದೆ. ಜೀವವಿಮಾ ಕಂಪನಿಯ ಪಾಲಿಸಿಯಾಗಿದ್ದರೆ 1938ರ ವಿಮಾ ಕಾಯ್ದೆಯ 45ನೇ ಕಲಂ ಇದೆ, ಅಲ್ಲಿ 3 ವರ್ಷವೇ ಸಾಕು. ಓಣಿಯ ಡಾಕ್ಟರರು ಬಿ12 ಕೊಟ್ಟ ಜೋಮನ್ನು ವಂಚನೆ ಎನ್ನಲು ಅವರಿಗೂ ನಾಲಿಗೆ ಬರಲಿಕ್ಕಿಲ್ಲ. 2019ರಲ್ಲೇ ಏಕೆ ತಿಳಿಸಲಿಲ್ಲ ಎಂದು ಮುಂದೆ ಕೇಳಿಯಾರು. ಆಗ ಕಣ್ಣು ತಿಳಿಯಾಗಿತ್ತು, ಆರು ತಿಂಗಳ ಕುಂದು ಇರಲಿಲ್ಲ ಎಂದು ನೇರವಾಗಿ ಬರೆಯಿರಿ. ತಡವಾಯಿತು ಎಂಬ ಒಂದೇ ಕಾರಣಕ್ಕೆ ನ್ಯಾಯವಾದ ಕ್ಲೇಮ್ ತಿರಸ್ಕರಿಸಬಾರದೆಂದು ಪ್ರಾಧಿಕಾರ 2011ರಲ್ಲೇ ಸುತ್ತೋಲೆ ಹೊರಡಿಸಿದೆ.

ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. ಫೋನ್ ಬೇಡ, ಫೋನಿಗೆ ನೆನಪಿಲ್ಲ. ಇಮೇಲ್ ಮಾಡಿ, ರಿಜಿಸ್ಟರ್ಡ್ ಪೋಸ್ಟೂ ಮಾಡಿ. ಒಂದು ತಿಂಗಳು ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಓಂಬುಡ್ಸ್‌ಮನ್, ಅಂದರೆ ವಿಮಾ ದೂರುಗಳನ್ನು ತೀರ್ಮಾನಿಸುವ ಅಧಿಕಾರಿ. ಪುಣೆಗೇ ಬೇರೆ ಕಚೇರಿ ಇದೆ, ನಾರಾಯಣ ಪೇಠೆಯಲ್ಲಿ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, 50 ಲಕ್ಷದವರೆಗಿನ ಕೇಸು ನೋಡುತ್ತಾರೆ. ಕಂಪನಿ ತಿರಸ್ಕರಿಸಿ ಒಂದು ವರ್ಷದೊಳಗೆ ಹೋಗಬೇಕು, ಈ ಗಡುವನ್ನು ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿ. ಅಲ್ಲಿ ನಿಮ್ಮ ಪರವಾಗಿ ಆದರೆ ಕಂಪನಿ 30 ದಿನದಲ್ಲಿ ಪಾಲಿಸಬೇಕು. ಆಗದಿದ್ದರೂ ನಿಮಗೆ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ. ಆದರೆ ಆಯೋಗಕ್ಕೆ ಮೊದಲೇ ಹೋದರೆ ಓಂಬುಡ್ಸ್‌ಮನ್ ತೆಗೆದುಕೊಳ್ಳುವುದಿಲ್ಲ, ಆ ತಪ್ಪು ಮಾಡಬೇಡಿ.

ಸರ್ಟಿಫಿಕೇಟ್ ಲಗತ್ತಿಸಿ, ಅದರ ಮೇಲೆ ಭಾರ ಹಾಕಬೇಡಿ. ಸರ್ಕಾರದ ಅಳತೆಗೋಲು ಬೇರೆ, ಪಾಲಿಸಿಯದು ಬೇರೆ. ನಿಮ್ಮ ಯಜಮಾನರು ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ ಅವಲಂಬಿತ ಅಂಗವಿಕಲರ ಲೆಕ್ಕದಲ್ಲಿ ಅದರಿಂದ ಅವರ ತೆರಿಗೆಯ ಆದಾಯದಲ್ಲಿ 75,000 ರೂಪಾಯಿಯ ಕಡಿತ ಸಿಗುತ್ತದೆ, ಅದನ್ನು ಬಿಡಬೇಡಿ. ಅಪಘಾತ ಪಾಲಿಸಿಯನ್ನು ಮರೆತುಬಿಡಿ. ಕಾಯಿಲೆಯಿಂದ ದುಡಿಮೆ ನಿಂತರೆ ತಿಂಗಳು ತಿಂಗಳು ಸಂಬಳದಂತೆ ಕೊಡುವ ಪಾಲಿಸಿ ನಮ್ಮಲ್ಲಿ ಸಾಮಾನ್ಯರ ಕೈಗೆ ಸಿಗುವುದೇ ಅಪರೂಪ. ‘ಡಿಸೆಬಿಲಿಟಿ’ ಎಂಬ ಪದ ಕಂಡಲ್ಲೆಲ್ಲ ಹಿಂದೆ ‘ಅಪಘಾತದಿಂದ’ ಎಂಬುದು ಕೂತಿರುತ್ತದೆ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಮುರಿದುಕೊಳ್ಳುವ ಪ್ರಧಾನಮಂತ್ರಿ ಸುರಕ್ಷಾ ವಿಮೆಯೂ ಹಾಗೆಯೇ.

ನನಗೆ ಬೇಸರವಾದದ್ದು ನಿಮ್ಮ ರಾಜೀನಾಮೆ ಪತ್ರ ಕಂಡು. ನೌಕರಿಯಲ್ಲಿರುವಾಗಲೇ ಪೂರ್ಣ, ಶಾಶ್ವತ ಅಶಕ್ತತೆ ಬಂದರೆ ಪಿಎಫ್‌ನ ಪಿಂಚಣಿ ಯೋಜನೆಯಲ್ಲಿ ಅಶಕ್ತ ಪಿಂಚಣಿ ಇದೆ, ಅದಕ್ಕೆ 10 ವರ್ಷದ ಸೇವೆಯ ಷರತ್ತೂ ಇಲ್ಲ. ‘ವೈಯಕ್ತಿಕ ಕಾರಣ’ ಎಂದು ಬರೆದು ಹೊರಬಂದ ಮೇಲೆ ಅದನ್ನು ಕೇಳುವುದು ಕಷ್ಟ. ಇದನ್ನು ಓದುತ್ತಿರುವ ಬೇರೆ ಯಾರಾದರೂ ಕೆಲಸ ಬಿಡುವ ಯೋಚನೆಯಲ್ಲಿದ್ದರೆ, ಪತ್ರಕ್ಕೆ ಸಹಿ ಹಾಕುವ ಮುಂಚೆ ಇಲ್ಲಿ ಕೇಳಿ.

---

ವಾಸ್ಕೋ ಗದಗಿನಾಂವ

ಅಕ್ಕಾರ, ನಿಮ್ಮ ಚಹಾದ ಸುದ್ದಿ ಓದಿ ನನ್ನ ಹೇಣ್ತಿಗೂ ಓದಿ ಹೇಳಿದೆ. ಆಕಿ ‘ಇನ್ನ ಯಾರರ ಬಂದ್ರ ನೀರೂ ಕೊಡಂಗಿಲ್ಲ’ ಅಂದ್ಲು.

ನಂದು ಕಿಡ್ನಿ. ಇಲ್ಲೆ ಗೋವಾದಾಗ, ವೆರ್ಣಾದ ಫ್ಯಾಕ್ಟರಿಯೊಳಗ ಪ್ಯಾಕಿಂಗ್ ಲೈನಿನ್ಯಾಗ ಇದ್ದೆ. ವಾರಕ್ಕ ಮೂರು ಸಲ ಡಯಾಲಿಸಿಸ್, ಒಂದೊಂದು ಸಲಕ್ಕ ನಾಕು ತಾಸು. ನನಗ ಯಾರೂ ‘ಖರೇನ ಜಡ್ಡು ಐತೇನಪಾ’ ಅಂತ ಕೇಳಲಿಲ್ಲ, ಯಾಕಂದ್ರ ಸಾಕ್ಷಿ ಹೇಳಾಕ ಮಿಷನ್ ಐತಿ. ನಿಮ್ಮ ಜಡ್ಡಿಗೆ ಮಿಷನ್ ಇಲ್ಲ, ಅದ ನಿಮ್ಮ ದುರ್ದೈವ. ಹಿಂಗ ಅನ್ನಬಾರದು, ಆದ್ರೂ ಅಂದೆ.

ನನಗ ಇಎಸ್‌ಐ, ಅಂದ್ರ ಕಾರ್ಮಿಕರ ಸರ್ಕಾರಿ ವಿಮೆ, ಇತ್ತು. ಪಗಾರ 21,000ದ ಒಳಗ ಇದ್ದವರಿಗೆ ಅಷ್ಟ ಅದು. ಮೊದಲ 91 ದಿನ ಪಗಾರದ 70 ಪರ್ಸೆಂಟ್ ಕೊಟ್ರು. ಆಮ್ಯಾಲ ದೊಡ್ಡ ಜಡ್ಡಿನ ಒಂದು ಪಟ್ಟಿ ಐತಿ, 34 ಅದಾವ ಅದರಾಗ, ಕಿಡ್ನಿ ಫೇಲೂ ಐತಿ. ಅದಕ್ಕ 80 ಪರ್ಸೆಂಟಿನಂಗ ಎರಡು ವರ್ಷದತನಕ ಸಿಗತೈತಿ. ಎರಡು ವರ್ಷ ಸತತ ನೌಕರಿ ಆಗಿರಬೇಕು. ನಮ್ಮ ಕಡೆ ಬೈನಾ, ಝುವಾರಿನಗರದಾಗ ಎಷ್ಟೋ ಮಂದಿ ಬಾಗಲಕೋಟಿ, ಗದಗ, ಬಿಜಾಪುರದಾಂವ್ರು ಕಾಂಟ್ರಾಕ್ಟಿನ್ಯಾಗ ದುಡೀತಾರ. ಪಗಾರದಾಗ ಇಎಸ್‌ಐ ಮುರೀತಾರ, ಆದ್ರ ನಂಬರ್ ಯಾವುದು ಅಂತ ಕೇಳಿಲ್ಲ. ಜಡ್ಡು ಬರೂ ಮುಂಚೆ ಕೇಳಿಕೊಳ್ರೆಪಾ.

---

ಚೆಂಬೂರು, ಮೈಸೂರಿನವಳು

ನಂಗೂ ಎಂಎಸ್, 11 ವರ್ಷ ಆಯ್ತು. ಡೊಂಬಿವಿಲಿ ಅಂಕಲ್ ಕಾನೂನು ಹೇಳಿದ್ದಾರೆ, ನಾನು ಓಪಿಡಿ ಹೇಳ್ತೀನಿ.

ನೀವು ‘ಆರಾಮ’ ಅಂತೀರ, ನಮ್ಮ ಕಡೆ ‘ಪರವಾಗಿಲ್ಲ’ ಅಂತೀವಿ. ಅದನ್ನ ಹೇಗೆ ಬರ್ಕೋತಾರೆ ಗೊತ್ತಾ? ‘ದೂರುಗಳಿಲ್ಲ’ ಅಂತ! ಈಗ ನಾನು ಬಾಯೇ ತೆಗೆಯಲ್ಲ, ಒಂದು ಹಾಳೆ ಕೊಡ್ತೀನಿ. ಕಳೆದ ತಿಂಗಳಲ್ಲಿ ಎಷ್ಟು ಸಲ ಬಿದ್ದೆ, ಎಷ್ಟು ಸಲ ಬಟ್ಟೆ ಒದ್ದೆ ಆಯ್ತು, ಮನೆಯಿಂದ ಎಷ್ಟು ದೂರದ ತನಕ ನಿಲ್ಲದೆ ನಡೆದೆ. ನನಗೆ ಅಳತೆ ಅಂದ್ರೆ ಚೆಂಬೂರು ಸ್ಟೇಷನ್ನಿನ ಮೆಟ್ಟಿಲು. ಮಾರ್ಚಲ್ಲಿ ಒಂದು ಸಲ ನಿಂತು ಹತ್ತುತ್ತಿದ್ದೆ, ಮೇನಲ್ಲಿ ನಾಲ್ಕು ಸಲ. ಅಡ್ಜೆಕ್ಟಿವ್ ಬೇಡ, ಲೆಕ್ಕ ಬರೀರಿ. ಅಕೌಂಟ್ಸಿನವರಿಗೆ ನಾನೇನು ಹೇಳೋದು!

ಇಡಿಎಸ್‌ಎಸ್ ಅಂತ ಒಂದು ಅಂಕ ಇದೆ, ಎಂಎಸ್‌ನಿಂದ ಎಷ್ಟು ಕುಂದು ಅಂತ ಅಳೆಯೋಕೆ, 0ಯಿಂದ 10ರವರೆಗೆ. ಕೋಲು ಹಿಡಿದು ನೂರು ಮೀಟರ್ ನಡೆಯೋರಿಗೆ 6. ಪ್ರತಿ ಭೇಟಿಯಲ್ಲೂ ಅದನ್ನ ಚೀಟಿ ಮೇಲೆ ಬರೀರಿ ಅಂತ ಕೇಳಿ. ಆರು ತಿಂಗಳಲ್ಲಿ ಮೂರು ಚೀಟಿ, ಮೂರರಲ್ಲೂ ಅಂಕ ಇದ್ದರೆ ‘ಸತತ’ ಅನ್ನೋದು ತಾನಾಗೇ ಸಾಬೀತು. ಕಣ್ಣಿಗೆ ವಿಇಪಿ ಪರೀಕ್ಷೆ ಮಾಡಿಸಿ. ದೃಷ್ಟಿ ತಿಳಿಯಾದ ಮೇಲೂ ನರದಲ್ಲಿ ಸಂದೇಶ ತಡವಾಗಿ ಹೋಗೋದು ಅದರಲ್ಲಿ ಕಾಣ್ಬಹುದು.

ಮತ್ತೆ ಸೆಖೆ. ಮೈ ಬಿಸಿಯಾದ್ರೆ ಹಾಳಾದ ನರದಲ್ಲಿ ಸಂದೇಶ ಇನ್ನೂ ನಿಧಾನ ಆಗುತ್ತೆ, ಇದಕ್ಕೆ ಉಥಾಫ್ ಅಂತ ಹೆಸರೇ ಇದೆ. ಜನವರಿ ಬೆಳಗ್ಗೆ ನೋಡಿದ ಕಾಲು ಏಪ್ರಿಲ್ ಮಧ್ಯಾಹ್ನದ ಕಾಲಲ್ಲ ಅಂತ ಡಾಕ್ಟರ್ ಪತ್ರದಲ್ಲಿ ಒಂದು ಸಾಲು ಬರೆಸಿ. ಥಾಣೆಯವರೇ, ದಯವಿಟ್ಟು ಎಂಎಸ್ ಇರೋರಿಗೆ ಬಿಸಿನೀರು ಹಾಕ್ಕೊಳ್ಳಿ ಅನ್ನಬೇಡಿ.

ಎಂಎಸ್ ಸೊಸೈಟಿ ಶಾಖೆ ಪುಣೆಯಲ್ಲೂ ಇದೆ, ಹೋಗಿ ಬನ್ನಿ. ಕ್ಲೇಮ್‌ಗಲ್ಲ, ಸುಮ್ನೆ. ಕೋಲು ಹಿಡಿದ ನಲವತ್ತು ವರ್ಷದವರನ್ನ ನೋಡಿದ್ರೆ ಸ್ವಲ್ಪ ನಾಚಿಕೆ ಕಮ್ಮಿಯಾಗುತ್ತೆ.

---

ಧಾರವಾಡದಾಕಿ, ಪುಣೆ

ಎಲ್ಲಾರಿಗೂ ಕೈ ಮುಗೀತೀನಿ. ಥಾಣೆಯವರ ಅತ್ತಿಯವರಿಗೂ.

ಮೂರು ವಾರ ಆತು, ಏನಾತು ಹೇಳ್ತೀನಿ. ಪಾಲಿಸಿ ತೆಗದು ನೋಡಿದೆ. ‘ಅಥವಾ’ ಅದ. ಒಂಬತ್ತು ವರ್ಷ ಕಪಾಟಿನಾಗ ಇತ್ತು, ಆ ಪುಟ ಒಮ್ಮೆನೂ ಓದಿರಲಿಲ್ಲ. ಕಂಪನಿಯ ಪೈಸಾ ಪೈಸಾ ತಾಳೆ ನೋಡಿದಾಕಿ, ನನ್ನ ಕಾಗದ ನಾ ನೋಡಲಿಲ್ಲ.

ಚೆಂಬೂರಿನ ತಂಗಿ ಹೇಳಿದಂಗ ಹದಿನೆಂಟು ದಿನ ಲೆಕ್ಕ ಬರದೆ. ಬಿದ್ದದ್ದು 3. ತಡೀದ ಆದದ್ದು 7. ಮನಿಯಿಂದ ದೂಧವಾಲಾನ ಅಂಗಡಿತನಕಾ 140 ಹೆಜ್ಜಿ, ಎರಡು ಸಲ ನಿಲ್ಲಬೇಕು. ಚಪ್ಪಲಿ ಕಳಚಿದ್ದು ಎಣಿಸೂದು ನಾಕನೇ ದಿನಕ್ಕ ಬಿಟ್ಟೆ.

ನಿನ್ನೆ ಓಪಿಡಿ ಇತ್ತು. ಡಾಕ್ಟರ್ ಎಂದಿನಂಗ ‘ಕಶಾ ಆಹಾತ?’ ಅಂದ್ರು. ಬಾಯಿಗೆ ‘ಆ’ ಬಂದೇ ಬಿಟ್ಟಿತ್ತು. ತಡದು ಹಾಳಿ ಕೊಟ್ಟೆ. ಅವರು ಓದಿದ್ರು. ಕನ್ನಡಕ ತೆಗದು ಇನ್ನೊಮ್ಮೆ ಓದಿದ್ರು. ‘ಇದನ್ನ ಮೊದಲ ಯಾಕ ಹೇಳಲಿಲ್ಲ’ ಅಂತ ಮರಾಠಿಯೊಳಗ ಕೇಳಿದ್ರು, ಸಿಟ್ಟಿಲೆ ಅಲ್ಲ. ಕಾರಿಡಾರದಾಗ ನಡಿಸಿದ್ರು, ಅಂಗಾಲಿಗೆ ಟ್ಯೂನಿಂಗ್ ಫೋರ್ಕ್ ಹಿಡದು ನೋಡಿದ್ರು. ಆಮ್ಯಾಲೆ ಹತ್ತು ನಿಮಿಷ ಬರದ್ರು. ಇಡಿಎಸ್‌ಎಸ್ 6 ಅಂತ, ಎಂದಿನಿಂದ ಅಂತ, ಸೆಖಿಯ ಸಾಲೂ. ಹೊರಗ ಬಂದು ರಿಕ್ಷಾದಾಗ ಕುಂತು ಓದಿದೆ. ಕ್ಲೇಮಿಗೆ ಭಾಳ ಛಲೋ ಪತ್ರ. ಆದ್ರ ಓದಿದ ಮ್ಯಾಲೆ ಸ್ವಾರಗೇಟ್ ಬರೋತನಕಾ ಮಾತಾಡಲಿಕ್ಕೆ ಆಗಲಿಲ್ಲ. ಇಷ್ಟು ಅದ ಅಂತ ನಂಗೂ ಗೊತ್ತಿರಲಿಲ್ಲ ಅನಸ್ತದ. ‘ಆರಾಮ’ ಅಂತ ನಾ ಬರೇ ಡಾಕ್ಟರಿಗೆ ಹೇಳಲಿಕ್ಕೆ ಹತ್ತಿದ್ದಿಲ್ಲ.

ಹಳೆ ಕಂಪನಿಯ ಎಚ್‌ಆರ್‌ಗೂ ಬರದೀನಿ, ಕಡೀ ಆರು ತಿಂಗಳ ರಜಾದ ದಾಖಲೆ ಕೊಡ್ರಿ ಅಂತ. ದೂರು ಅಧಿಕಾರಿಗೆ ಇಮೇಲ್ ಹೋಗೇದ. ರಿಜಿಸ್ಟರ್ಡ್ ಪೋಸ್ಟ್ ನಮ್ಮವರು ಇವತ್ತ ಹಾಕಿ ಬಂದ್ರು. ಡೊಂಬಿವಿಲಿ ಅಣ್ಣಾವ್ರ, ಗಡುವಿನ ತಾರೀಖು ಅಡಗಿಮನಿ ಕ್ಯಾಲೆಂಡರಿನಾಗ ಗುರುತು ಹಾಕೀನಿ, ಹಾಲಿನ ಲೆಕ್ಕದ ಪಕ್ಕಕ್ಕ. ಉತ್ತರ ಬಂದ್ರ ಇಲ್ಲೇ ಹಾಕ್ತೀನಿ.